ಹೃದಯದ ಆಪರೇಷನ್ ನಂತರದ ಚೇತರಿಕೆ: ಜೊತೆಗೆ ಓದುತ್ತಿರುವವರಿಗೆ ಟಿಪ್ಪಣಿ

ಈ ಪಾಠವನ್ನು 'ಏನೇನು ಮಾಡಬಾರದು' ಅನ್ನುವ ಪಟ್ಟಿಯಾಗಿ ಬಾಯಿಪಾಠ ಮಾಡುವವರೇ ಜಾಸ್ತಿ. ಭಾರ ಎತ್ತಬಾರದು, ಗಾಡಿ ಓಡಿಸಬಾರದು, ಆಯಾಸ ಮಾಡಿಕೊಳ್ಳಬಾರದು. ಪಟ್ಟಿ ತಪ್ಪಲ್ಲ. ಆದರೆ ಎದೆ ಬಿಡಿಸಿ ಹೊಲಿಸಿಕೊಂಡು ಬಂದವರು ಮೊದಲೇ ಹೆದರಿರುತ್ತಾರೆ. ಬರೀ 'ಬಾರದು'ಗಳನ್ನೇ ಕೇಳಿದರೆ ಹಾಸಿಗೆ ಬಿಟ್ಟು ಏಳುವುದೇ ಇಲ್ಲ. ಆಪರೇಷನ್ ನಂತರದ ಎಷ್ಟೋ ತೊಂದರೆಗಳು ಅಲುಗಾಡದೆ ಮಲಗಿದ್ದಕ್ಕೇ ಹೆಚ್ಚಾಗುವಂಥವು. ಹಾಗಾಗಿ 'ಇವತ್ತು ಇವರು ಏನು ಮಾಡಬಹುದು?' ಅಂತ ಕೇಳಿಕೊಂಡು ಓದಿದರೆ ಪಾಠ ಬೇಗ ಹಿಡಿತಕ್ಕೆ ಬರುತ್ತದೆ.

ಮೊದಲು ಉಸಿರು. ಆಪರೇಷನ್ ಆದದ್ದು ಹೃದಯಕ್ಕೆ, ಶ್ವಾಸಕೋಶದ ಮಾತೇಕೆ ಅನ್ನಿಸಬಹುದು, ಅಲ್ವಾ? ಗಂಟೆಗಟ್ಟಲೆ ಅರಿವಳಿಕೆಯಲ್ಲಿ ಇದ್ದಾಗ ಶ್ವಾಸಕೋಶದ ತಳಭಾಗದ ಗಾಳಿಚೀಲಗಳು ಕುಸಿದು ಮುಚ್ಚಿಕೊಳ್ಳುತ್ತವೆ. ಇದೇ ಅಟೆಲೆಕ್ಟಾಸಿಸ್. ಎಡಗಡೆ ಕೆಳಭಾಗದಲ್ಲಿ ಇದು ಹೆಚ್ಚು. ಎಚ್ಚರವಾದ ಮೇಲೆ ನೋವಿಗೆ ಹೆದರಿ ರೋಗಿ ಮೇಲುಮೇಲೆ ಉಸಿರಾಡುತ್ತಾರೆ, ಕೆಮ್ಮನ್ನು ನುಂಗಿಕೊಳ್ಳುತ್ತಾರೆ. ಕಫ ಒಳಗೇ ನಿಲ್ಲುತ್ತದೆ. ನ್ಯುಮೋನಿಯಾಕ್ಕೆ ದಾರಿ ಆಗುವುದು ಹೀಗೆ.

ಆದ್ದರಿಂದ ನೋವಿನ ಔಷಧ ಬರೀ ಆರಾಮಕ್ಕೆ ಕೊಡುವುದಲ್ಲ. ಔಷಧ ಕೊಟ್ಟು, ಅದು ಕೆಲಸ ಮಾಡಲು ಸಮಯ ಬಿಟ್ಟು, ಆಮೇಲೆ ಕೂರಿಸಿ. ದಿಂಬನ್ನು ಎದೆಗೆ ಒತ್ತಿ ಹಿಡಿದುಕೊಂಡು ಕೆಮ್ಮಲು ಹೇಳಿ. ಉಸಿರಿನ ವ್ಯಾಯಾಮ ಮಾಡಿಸುವ ಸ್ಪೈರೋಮೀಟರ್ ಎಂಬ ಸಣ್ಣ ಉಪಕರಣ ಕೊಟ್ಟರೆ ಬಹಳ ಜನ ಅದನ್ನು ಊದುತ್ತಾರೆ. ಊದುವುದಲ್ಲ, ನಿಧಾನವಾಗಿ ಒಳಗೆ ಎಳೆದು ಕೆಲವು ಸೆಕೆಂಡ್ ಹಿಡಿಯಬೇಕು. ಎಚ್ಚರ ಇರುವಾಗ ಗಂಟೆಗೆ 10 ಸಲ ಅನ್ನುವುದು ಸಾಮಾನ್ಯ ಲೆಕ್ಕ. ಸುಮ್ನೆ ಮಂಚದ ಪಕ್ಕ ಇಟ್ಟು ಬಂದರೆ ಅದು ಅಲ್ಲೇ ಇರುತ್ತದೆ. ಎದುರು ನಿಂತು ಒಂದು ಸಲ ಮಾಡಿಸಿ ನೋಡಬೇಕು. ಇನ್ನೊಂದು ಮಾತು: ಬೈಪಾಸ್ ನಂತರದ ನೋವಿಗೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ಥರದ ಮಾತ್ರೆ ಕೊಡಬಾರದು ಎಂಬ ಎಚ್ಚರಿಕೆ ಇದೆ. ಹೃದಯಾಘಾತ, ಪಾರ್ಶ್ವವಾಯು ಆಗುವ ಅಪಾಯವೇ ಕಾರಣ. ಮನೆಗೆ ಹೋದಮೇಲೆ ತಾವೇ ಕೊಂಡು ನುಂಗುತ್ತಾರೆ, ಅದಕ್ಕೇ ಮೊದಲೇ ಹೇಳಿಬಿಡಿ.

ಹಿಂದೆ ಹೃದಯಾಘಾತ ಆದವರನ್ನು ವಾರಗಟ್ಟಲೆ ಮಲಗಿಸಿಯೇ ಇಡುತ್ತಿದ್ದರು. 1952ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್ ಎಂಬ ವೈದ್ಯರು, ಅಂಥವರನ್ನು ಬೇಗನೆ ಕುರ್ಚಿಯಲ್ಲಿ ಕೂರಿಸುವುದೇ ಮೇಲು ಎಂದು ಬರೆದರು. ಈಗ ಹೃದಯದ ಆಪರೇಷನ್ ಆದವರನ್ನೂ, ಸ್ಥಿತಿ ಸ್ಥಿರವಾಗಿದ್ದರೆ, ಸಾಮಾನ್ಯವಾಗಿ ಮಾರನೇ ದಿನವೇ ಕೂರಿಸುತ್ತಾರೆ. ಎಬ್ಬಿಸುವ ಮೊದಲು ಬಿಪಿ ನೋಡಿ. ಮಂಚದ ಅಂಚಲ್ಲಿ ಕಾಲು ಇಳಿಬಿಟ್ಟು ಸ್ವಲ್ಪ ಹೊತ್ತು ಕೂತು, ತಲೆ ಸುತ್ತದಿದ್ದರೆ ಮಾತ್ರ ಮುಂದಿನ ಹೆಜ್ಜೆ.

ಎದೆಮೂಳೆಯ ವಿಷಯ ರೋಗಿಗೆ ಬಿಡಿಸಿ ಹೇಳಬೇಕು. ಕೈಮೂಳೆ ಮುರಿದರೆ ಪ್ಲಾಸ್ಟರ್ ಹಾಕಿ ಅಲುಗದಂತೆ ಇಡಬಹುದು. ಎದೆಮೂಳೆಗೆ ಆ ಅನುಕೂಲ ಇಲ್ಲ, ಪ್ರತಿ ಉಸಿರಿಗೂ ಅದು ಸ್ವಲ್ಪ ಅಲುಗುತ್ತದೆ. ಆಪರೇಷನ್‌ಗಾಗಿ ಸೀಳಿದ ಈ ಮೂಳೆಯನ್ನು ಸಾಮಾನ್ಯವಾಗಿ ಸ್ಟೀಲ್ ತಂತಿಯಿಂದ ಬಿಗಿದಿರುತ್ತಾರೆ. ಕೂಡಿಕೊಳ್ಳಲು 6ರಿಂದ 8 ವಾರ, ಪೂರ್ತಿ ಗಟ್ಟಿಯಾಗಲು ಸುಮಾರು 3 ತಿಂಗಳು. ಅಲ್ಲಿಯವರೆಗೆ ಭಾರ ಎತ್ತುವುದಕ್ಕೆ ಮಿತಿ ಇರುತ್ತದೆ. ಎಷ್ಟು ಕಿಲೋ ಅನ್ನುವುದು ಆಸ್ಪತ್ರೆಯಿಂದ ಆಸ್ಪತ್ರೆಗೆ ಬೇರೆ. ಈಚೆಗೆ ಕೆಲವು ಕಡೆ ಕಿಲೋ ಲೆಕ್ಕದ ಬದಲು 'ಮೊಣಕೈ ಮೈಗೆ ಹತ್ತಿರ ಇಟ್ಟುಕೊಂಡು ಕೆಲಸ ಮಾಡಿ' ಅಂತ ಕಲಿಸುತ್ತಾರೆ. ನನಗೆ ಇದೇ ಸರಿ ಅನ್ನಿಸುತ್ತದೆ, ಯಾಕೆಂದರೆ ಇದರಲ್ಲಿ ಮಾಡಬಹುದಾದ್ದು ಏನು ಅಂತ ಇದೆ. ಏಳುವಾಗ ಕೈ ಊರಿ ಮೈಯನ್ನು ಎಳೆದುಕೊಳ್ಳದೆ, ಪಕ್ಕಕ್ಕೆ ಹೊರಳಿ ಕಾಲು ಇಳಿಸಿ ಏಳಲಿ. ಎದೆಯ ಎಡಗಡೆ ಜೋಮು ಹಿಡಿದಂತೆ ಇದ್ದರೆ, ಒಳ ಎದೆಯ ರಕ್ತನಾಳ ತೆಗೆದು ಬೈಪಾಸ್‌ಗೆ ಬಳಸಿದವರಲ್ಲಿ ಅದು ಸಾಮಾನ್ಯ. ಆದರೆ ಮೂಳೆ 'ಕಟಕ್' ಅನ್ನುವುದು, ಗಾಯ ಸೋರುವುದು, ಜ್ವರ ಬರುವುದು ಸಾಮಾನ್ಯವಲ್ಲ.

ಎದೆಯ ಡ್ರೇನ್‌ನಲ್ಲಿ (ಒಳಗೆ ಸೇರುವ ರಕ್ತ ಹೊರಗೆ ಹರಿಯಲು ಹಾಕಿದ ಟ್ಯೂಬ್) ಬರುತ್ತಿದ್ದ ರಕ್ತ ಥಟ್ಟನೆ ನಿಂತರೆ ಖುಷಿಪಡಬೇಡಿ. ಟ್ಯೂಬ್ ಕಟ್ಟಿಕೊಂಡು ರಕ್ತ ಹೃದಯದ ಸುತ್ತ ತುಂಬುತ್ತಿರಬಹುದು. ಜೊತೆಗೆ ಬಿಪಿ ಇಳಿದು, ಕುತ್ತಿಗೆಯ ರಕ್ತನಾಳ ಉಬ್ಬಿದರೆ ಒಂದು ಕ್ಷಣವೂ ಕಾಯದೆ ಡಾಕ್ಟರನ್ನು ಕರೆಯಬೇಕು. ಇನ್ನು ಎರಡು-ಮೂರನೇ ದಿನದ ಹೊತ್ತಿಗೆ ಕೆಲವರು 'ಎದೆ ಪಟಪಟ ಅಂತಿದೆ' ಅನ್ನುತ್ತಾರೆ. ನಾಡಿ ಹಿಡಿದು ನೋಡಿ. ತಾಳತಪ್ಪಿ ಬಡಿಯುತ್ತಿದ್ದರೆ ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಹೃದಯದ ಮೇಲಿನ ಕೋಣೆಗಳು ಅಡ್ಡಾದಿಡ್ಡಿ ಅದುರುವುದು, ಇರಬಹುದು. ಇದು ಬಹಳ ಸಾಮಾನ್ಯ, ಚಿಕಿತ್ಸೆಯೂ ಇದೆ. ರೋಗಿಗೆ ಮಾತ್ರ ಹೃದಯ ಮತ್ತೆ ಕೆಟ್ಟಿತು ಅಂತಲೇ ಅನ್ನಿಸುತ್ತದೆ. ಆಪರೇಷನ್‌ಗೆ ಮೊದಲೇ ಒಂದು ಮಾತು ಹೇಳಿಟ್ಟಿದ್ದರೆ ಆ ಗಾಬರಿ ಅರ್ಧ ಕಡಿಮೆ.

ವಯಸ್ಸಾದವರು ಮೊದಲ ಕೆಲವು ದಿನ ದಿಕ್ಕುತಪ್ಪಿದಂತೆ ಮಾತಾಡಬಹುದು. ಕನ್ನಡಕ, ಕಿವಿಯ ಮೆಷೀನ್ ಕೊಡಿ, ಹಗಲು ಬೆಳಕಿರಲಿ, ರಾತ್ರಿ ನಿದ್ದೆಗೆಡಿಸುವ ಕೆಲಸ ಕಡಿಮೆ ಮಾಡಿ. ಮನೆಗೆ ಹೋದಮೇಲೆ ಸುಮ್ಮಸುಮ್ಮನೆ ಅಳು, ಸಿಡುಕು, ಬೇಸರ ಬರುವುದು ಬೇರೆ ಸಂಗತಿ. ಅದು ವಾರಗಳಲ್ಲಿ ಕಡಿಮೆಯಾಗುತ್ತಾ ಹೋಗಬೇಕು. ಆಗದಿದ್ದರೆ ಖಿನ್ನತೆಗೆ ಚಿಕಿತ್ಸೆ ಬೇಕು, 'ಧೈರ್ಯ ತಗೊಳ್ಳಿ' ಅನ್ನುವ ಮಾತು ಸಾಲದು.

ನಡಿಗೆ ದಿನಾ ಸ್ವಲ್ಪ ಸ್ವಲ್ಪ ಹೆಚ್ಚಲಿ. ಹೃದಯದ ಬಡಿತ ನಿಧಾನ ಮಾಡುವ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ನಾಡಿ ಹೆಚ್ಚು ಏರುವುದಿಲ್ಲ, ಹಾಗಾಗಿ ನಾಡಿಯನ್ನೇ ನಂಬಿ ಶ್ರಮ ಅಳೆಯುವಂತಿಲ್ಲ. ಅದಕ್ಕೇ ಸ್ವೀಡನ್ನಿನ ಗುನ್ನಾರ್ ಬೋರ್ಗ್ ಮಾಡಿದ 6ರಿಂದ 20ರವರೆಗಿನ ಅಳತೆ. ರೋಗಿ ತನಗೆ ಅನ್ನಿಸಿದ ಆಯಾಸಕ್ಕೆ ತಾನೇ ಅಂಕ ಕೊಡುತ್ತಾರೆ: 6 ಅಂದರೆ ಶ್ರಮವೇ ಇಲ್ಲ, 20 ಅಂದರೆ ಇನ್ನು ಆಗುವುದೇ ಇಲ್ಲ. ಸಾಮಾನ್ಯವಾಗಿ 11ರಿಂದ 13ರೊಳಗೆ ಇರಲಿ ಅನ್ನುತ್ತಾರೆ. ಅಂಕ ತಲೆಗೆ ಹೋಗದವರಿಗೆ ಸುಲಭ ದಾರಿ: ನಡೆಯುತ್ತಾ ಮಾತಾಡಲು ಆಗಬೇಕು.

ಕೊನೆಗೆ ಡಿಸ್ಚಾರ್ಜ್ ದಿನ. ಬೆಳಿಗ್ಗೆ ಎದ್ದು ತೂಕ ನೋಡುವುದು, ಒಂದೇ ದಿನದಲ್ಲಿ ಕಿಲೋಗಿಂತ ಹೆಚ್ಚು ಏರಿದರೆ (ಮೈಯಲ್ಲಿ ನೀರು ನಿಲ್ಲುತ್ತಿರಬಹುದು) ಫೋನ್ ಮಾಡುವುದು, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಇದ್ದರೆ ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಎಂದು ನೋಡುವ ಐಎನ್‌ಆರ್ ಪರೀಕ್ಷೆ ತಪ್ಪಿಸದಿರುವುದು, ಎಲ್ಲ ಹೇಳುತ್ತೇವೆ. 'ಅರ್ಥ ಆಯ್ತಾ?' ಅಂದರೆ ಎಲ್ಲರೂ ಹೂಂ ಅನ್ನುತ್ತಾರೆ. ಬದಲಿಗೆ 'ನಾಳೆ ಬೆಳಿಗ್ಗೆ ತೂಕ ಏರಿದ್ದರೆ ಏನು ಮಾಡ್ತೀರಿ?' ಅಂತ ಕೇಳಿ. ಮನೆಯವರನ್ನೂ ಪಕ್ಕದಲ್ಲೇ ಕೂರಿಸಿಕೊಂಡು ಕೇಳಿ, ಮನೆಯಲ್ಲಿ 'ಏಳಬೇಡಿ, ಮಲಗಿ' ಅನ್ನುವವರು ಅವರೇ.