ಖಾತೆ ಇದೆ, ಕಂದಾಯ ಕಟ್ಟಿದೆ, ಇನ್ನೇನು ನೋಡಬೇಕು?

ಪ್ರಶ್ನೆ: ಒಂದು ನಿವೇಶನ ಒಪ್ಪಿಗೆಯಾಗಿದೆ. ಖಾತೆ ಮಾರುವವರ ಹೆಸರಿನಲ್ಲೇ ಇದೆ, ಕಂದಾಯದ ರಸೀದಿಗಳೂ ಇವೆ. ಮುಂಗಡ ಕೊಡಬಹುದೇ?

ಬೇಡ, ಸದ್ಯಕ್ಕೆ ಬೇಡ. ಕೇಳುವವರ ಊರು ಬದಲಾಗುತ್ತದೆ, ಪ್ರಶ್ನೆ ಮಾತ್ರ ಅಕ್ಷರವೂ ಬದಲಾಗದೆ ಬರುತ್ತದೆ. ಆದ್ದರಿಂದ ಈ ಸಲ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ: ಖಾತೆ ಮಾಲೀಕತ್ವದ ದಾಖಲೆ ಅಲ್ಲ.

ಈ ಆಸ್ತಿಯ ತೆರಿಗೆಯನ್ನು ಯಾರಿಂದ ವಸೂಲು ಮಾಡಬೇಕು ಎಂದು ಪಾಲಿಕೆಯೋ ಪುರಸಭೆಯೋ ಬರೆದಿಟ್ಟುಕೊಂಡ ಲೆಕ್ಕವೇ ಖಾತೆ. ನ್ಯಾಯಾಲಯಗಳು ಇದನ್ನು ಮತ್ತೆ ಮತ್ತೆ ಹೇಳಿವೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಕಲಂ ಪ್ರಕಾರ, ನೂರು ರೂಪಾಯಿ ಅಥವಾ ಅದಕ್ಕೂ ಹೆಚ್ಚು ಬೆಲೆಯ ಸ್ಥಿರಾಸ್ತಿಯನ್ನು ಮಾರಲು ನೋಂದಾಯಿತ ಕ್ರಯಪತ್ರ ಬೇಕು. ಕ್ರಯಪತ್ರ ಮೊದಲು, ಅದನ್ನು ತೋರಿಸಿದ ಮೇಲೆ ಖಾತೆ ಬದಲಾವಣೆ.

‘ಹಾಗಾದರೆ ಇ-ಖಾತೆ ಇಲ್ಲದೆ ನೋಂದಣಿಯೇ ಆಗುವುದಿಲ್ಲವಲ್ಲ?’ ಎಂದು ತಕ್ಷಣ ಮರುಪ್ರಶ್ನೆ. ನಿಜ, 2024ರ ಅಕ್ಟೋಬರ್‌ನಿಂದ ಕಂಪ್ಯೂಟರಿನಲ್ಲಿ ದಾಖಲಾದ ಈ ಖಾತೆ ಕಡ್ಡಾಯ. ಒಂದೇ ನಿವೇಶನವನ್ನು ನಾಲ್ವರಿಗೆ ಮಾರುವ ಚತುರರಿಗೆ ಅದರಿಂದ ತಡೆ ಬಿದ್ದೀತು. ಆದರೆ ಹಕ್ಕಿನಲ್ಲೇ ದೋಷವಿದ್ದರೆ ಕಂಪ್ಯೂಟರಿಗೆ ಏರಿದ ಮಾತ್ರಕ್ಕೆ ಅದು ತೊಳೆದುಹೋಗುವುದಿಲ್ಲ. ತಂದೆ ತೀರಿಕೊಂಡ ಮೇಲೆ ಹಿರಿಯ ಮಗನ ಹೆಸರಿಗೆ ಖಾತೆಯಾಗಿದೆ ಎನ್ನಿ. ತಂಗಿಯರ ಪಾಲು ಎಲ್ಲಿಗೂ ಹೋಗಿರುವುದಿಲ್ಲ. ಪಿತ್ರಾರ್ಜಿತವಾದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳೂ ಸಮಪಾಲುದಾರರು. ಅವರು ದಾವೆ ಹೂಡಿದರೆ ನೋಟಿಸು ನಿಮ್ಮ ಮನೆಗೂ ಬರುತ್ತದೆ. ವಂಶವೃಕ್ಷ ಕೇಳಲು ಸಂಕೋಚವೇಕೆ?

ಬೆಂಗಳೂರಿನ ಬಿ ಖಾತೆಯನ್ನೂ ಇದೇ ಧೈರ್ಯದಲ್ಲಿ ಕೊಂಡವರಿದ್ದಾರೆ. ನಿಯಮ ಮೀರಿದ ಆಸ್ತಿಗಳಿಂದಲೂ ತೆರಿಗೆ ಬರಲಿ ಎಂದು ಇಟ್ಟ ಬೇರೆ ವಹಿ ಅದು. ತೆರಿಗೆ ಪಡೆದರು ಎಂದ ಮಾತ್ರಕ್ಕೆ ಸಕ್ರಮ ಮಾಡಿದರು ಎಂದಲ್ಲ.

ಖಾತೆ ನಿರುಪಯೋಗಿ ಎಂದೂ ನಾನು ಹೇಳುತ್ತಿಲ್ಲ. ಖಾತಾ ಪ್ರತಿಯನ್ನೂ ಕ್ರಯಪತ್ರವನ್ನೂ ಅಕ್ಕಪಕ್ಕ ಇಟ್ಟುಕೊಂಡು ಚೆಕ್ಕುಬಂದಿಯನ್ನು, ಅಂದರೆ ನಾಲ್ಕೂ ದಿಕ್ಕಿನ ಎಲ್ಲೆಯನ್ನು, ಓದಿ. ಕ್ರಯಪತ್ರದಲ್ಲಿ ‘ಪೂರ್ವಕ್ಕೆ ರಸ್ತೆ’ ಎಂದಿದ್ದು, ಖಾತೆಯಲ್ಲಿ ‘ಪೂರ್ವಕ್ಕೆ ನಿವೇಶನ ಸಂಖ್ಯೆ 14’ ಎಂದಿದ್ದರೆ ನಿಮ್ಮ ಬಾಗಿಲಿನ ಮುಂದಿನ ರಸ್ತೆ ಇನ್ನೊಬ್ಬರ ಜಾಗವಾಗಿರಬಹುದು. ಅಳತೆ ನೋಡಿ, 30x40 ಎಂದು ಬರೆದಿರುವುದು ನೆಲದ ಮೇಲೆಯೂ ಅಷ್ಟೇ ಇದೆಯೇ ಎಂದು ಟೇಪು ಹಿಡಿಯಿರಿ. ಕಟ್ಟಿದ ಮನೆಯಾದರೆ ಅನುಮೋದಿತ ನಕ್ಷೆಯಲ್ಲಿ ಎಷ್ಟು ಮಹಡಿ ಇವೆ, ಎದುರಿಗೆ ಎಷ್ಟು ನಿಂತಿವೆ ಎಂದು ಎಣಿಸಿ. ಪಂಚಾಯಿತಿ ವ್ಯಾಪ್ತಿಯಲ್ಲಿ, ಅನುಮೋದಿತ ನಿವೇಶನಗಳಿಗೆ ಕೊಡುವ ನಮೂನೆ 9 ಮತ್ತು 11ಎ ಎಂಬ ಖಾತಾ ಪತ್ರಗಳ ಬದಲು 11ಬಿ ತೋರಿಸಿದರೆ ಭೂ ಪರಿವರ್ತನೆಯ ಆದೇಶ, ಬಡಾವಣೆ ನಕ್ಷೆಯ ಅನುಮೋದನೆ ಎರಡನ್ನೂ ಕೇಳದೆ ಮಾತು ಮುಂದುವರಿಸಬೇಡಿ.

ಇಷ್ಟಾದ ಮೇಲೆ ‘ಇಸಿ ತೆಗೆಸಿದ್ದೇವೆ, ನಿಲ್ ಬಂದಿದೆ’ ಎನ್ನುವವರಿಗೂ ಒಂದು ಮಾತು. ಇಸಿ ಎಂದರೆ ಋಣಭಾರ ಪ್ರಮಾಣಪತ್ರ; ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ, ಅದೂ ನೀವು ಕೇಳಿದ ಅವಧಿಯದ್ದು. ನೋಂದಣಿಯಾಗದ ಉಯಿಲು, ಮೂಲಪತ್ರಗಳನ್ನು ಅಡವಿಟ್ಟು ತಂದ ಕೈಸಾಲ ಅದರಲ್ಲಿ ಸಿಗುವುದಿಲ್ಲ. ಅದಕ್ಕೇ ಮೂಲಪತ್ರಗಳನ್ನು ಕಣ್ಣಾರೆ ನೋಡಬೇಕು; ಜೆರಾಕ್ಸ್ ತೋರಿಸಿ ‘ಅಸಲು ಲಾಕರಿನಲ್ಲಿದೆ’ ಎಂದರೆ, ಲಾಕರು ಯಾರದ್ದು ಎಂದು ಕೇಳಿ.

ಯಾರೂ ಕೇಳದ ಪ್ರಶ್ನೆ ಇನ್ನೊಂದಿದೆ: ಈ ಸರ್ವೆ ನಂಬರು ಮೂಲದಲ್ಲಿ ಮಂಜೂರಾದ ಜಮೀನೇ? ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ ಎನ್ನುತ್ತದೆ 1978ರ ಪಿಟಿಸಿಎಲ್ ಕಾಯ್ದೆ. ಭೂಮಿ ಮರಳಿ ಕೊಡಿಸಿ ಎಂದು ಕೇಳಲು ಕಾಲಮಿತಿ ಇಲ್ಲ ಎಂದು 2023ರಲ್ಲಿ ತಿದ್ದುಪಡಿಯೂ ಆಯಿತು. ಇದಕ್ಕೆ ಉತ್ತರ ಪಾಲಿಕೆಯಲ್ಲಿ ಸಿಗದು. ಹಳೆಯ ಪಹಣಿ, ಮ್ಯುಟೇಶನ್ (ಹಕ್ಕು ಬದಲಾವಣೆ) ಪ್ರತಿಗಳಿಗೆ ತಾಲ್ಲೂಕು ಕಚೇರಿಗೇ ಹೋಗಬೇಕು. ಮುಂಗಡದ ಚೆಕ್ಕು ಬರೆಯುವ ಮೊದಲು.