ಗಫ್ಸಾದಲ್ಲಿ ನಿಂತ ಗೂಡ್ಸ್ ರೈಲು

ಅರಬ್ ದೇಶಗಳ 2011ರ ದಂಗೆಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಜನ ಕಿಕ್ಕಿರಿದ ಚೌಕಗಳಿಂದ, ಘೋಷಣೆಗಳಿಂದ ಶುರು ಮಾಡುತ್ತಾರೆ. ನನ್ನ ಕಸುಬು ರಸಗೊಬ್ಬರದ ಕಚ್ಚಾವಸ್ತು ಖರೀದಿ. ಹಾಗಾಗಿ ನನ್ನ ಕಣ್ಣು ಮೊದಲು ಹೋಗುವುದು ಟನ್ನುಗಳ ಲೆಕ್ಕಕ್ಕೆ. ಟ್ಯುನೀಷಿಯಾ 2010ರಲ್ಲಿ ಸುಮಾರು 80 ಲಕ್ಷ ಟನ್ ಫಾಸ್ಫೇಟ್ ಅದಿರು ತೆಗೆದಿತ್ತು. ಸರ್ವಾಧಿಕಾರಿ ಬೆನ್ ಅಲಿ ದೇಶ ಬಿಟ್ಟು ಓಡಿದ 2011ರಲ್ಲಿ ಅದು 25 ಲಕ್ಷ ಟನ್ನಿನ ಆಸುಪಾಸಿಗೆ ಕುಸಿಯಿತು. ಹಳೆಯ ಮಟ್ಟವನ್ನು ಆ ದೇಶ ಇವತ್ತಿಗೂ ಮುಟ್ಟಿಲ್ಲ. ಗಣಿ ಬರಿದಾಗಿರಲಿಲ್ಲ, ಕೊಳ್ಳುವವರೂ ಇದ್ದರು. ಆದರೆ ಅದಿರು ಹೊರುವ ರೈಲು ನಿಂತಿತ್ತು.

ಇದು ನಮಗೇಕೆ ಮುಖ್ಯ ಎಂದರೆ, ನಮ್ಮ ರೈತರು ಬಿತ್ತನೆಗೆ ಹಾಕುವ ಡಿಎಪಿ ಗೊಬ್ಬರದಲ್ಲಿರುವ ರಂಜಕ ಬಹುಪಾಲು ಹೊರದೇಶದ್ದು. ಪಣಂಬೂರಿನ ಗೊಬ್ಬರ ಕಾರ್ಖಾನೆಗೆ ಬೇಕಾದ, ಫಾಸ್ಫೇಟ್ ಅದಿರಿನಿಂದ ಮಾಡುವ ಫಾಸ್ಫರಿಕ್ ಆಮ್ಲ ಹಡಗಿನಲ್ಲೇ ಬರಬೇಕು. ಅದು ಬರುವ ದೇಶಗಳ ಪಟ್ಟಿಯಲ್ಲಿ ಮೊರಾಕ್ಕೊ, ಜೋರ್ಡನ್, ಟ್ಯುನೀಷಿಯಾಗಳ ಹೆಸರು ಸದಾ ಇರುತ್ತದೆ. ಅಲ್ಲಿನ ರಾಜಕೀಯ ನಮಗೆ ತಿಳಿಯುವುದು ಎಷ್ಟೋ ಸಲ ಹಡಗು ತಡವಾದಾಗಲೇ.

ಟ್ಯುನೀಷಿಯಾದ ನೈರುತ್ಯಕ್ಕೆ, ಅಲ್ಜೀರಿಯಾ ಗಡಿಯ ಹತ್ತಿರ ಗಫ್ಸಾ ಗಣಿ ಪ್ರದೇಶವಿದೆ. ಮೆತ್ಲಾವಿ, ರೆದೇಯೆಫ್, ಮ್‌ದಿಲ್ಲಾ ಇವೆಲ್ಲ ಫಾಸ್ಫೇಟಿಗಾಗಿಯೇ ಬೆಳೆದ ಊರುಗಳು. ಅಲ್ಲಿ ಕೆಲಸ ಕೊಡುವ ದೊಡ್ಡ ಧಣಿ ಒಬ್ಬನೇ, ಸರ್ಕಾರಿ ಗಫ್ಸಾ ಫಾಸ್ಫೇಟ್ ಕಂಪನಿ. 2008ರ ಜನವರಿಯಲ್ಲಿ ಅದರ ನೇಮಕಾತಿ ಪಟ್ಟಿ ಹೊರಬಿತ್ತು. ಪ್ರಭಾವಿಗಳ ಕಡೆಯವರಿಗೇ ಕೆಲಸ ಹೋಗಿದೆ ಎಂದು ರೆದೇಯೆಫ್‌ನ ಜನ ಬೀದಿಗಿಳಿದರು, ಆರು ತಿಂಗಳು ಬಿಡಲಿಲ್ಲ. ಬೆನ್ ಅಲಿ ಪೊಲೀಸರನ್ನು ನುಗ್ಗಿಸಿ ಅದನ್ನು ಹೊಸಕಿಹಾಕಿದ. ಸಿದಿ ಬೂಜಿದ್‌ನಲ್ಲಿ 2010ರ ಡಿಸೆಂಬರ್ 17ರಂದು ಬೂಅಜೀಜಿ ಎಂಬ ತರುಣ ವ್ಯಾಪಾರಿ ಮೈಗೆ ಬೆಂಕಿ ಹಚ್ಚಿಕೊಂಡದ್ದರಿಂದಲೇ ಎಲ್ಲ ಶುರುವಾಯಿತು ಎನ್ನುತ್ತಾರೆ. ನನ್ನ ಮಟ್ಟಿಗೆ ಅದರ ಮೊದಲ ಅಂಕ ನಡೆದದ್ದು ರೆದೇಯೆಫ್‌ನಲ್ಲಿ.

ಲಾಠಿಯ ಭಯ ಹೋದಮೇಲೆ ನಿರುದ್ಯೋಗಿ ಯುವಕರು ಒಂದು ಸರಳ ಉಪಾಯ ಕಂಡುಕೊಂಡರು. ಹಳಿಯ ಮೇಲೆ ಡೇರೆ ಹಾಕಿ ಕೂತರೆ ಅದಿರು ಕರಾವಳಿಯ ಸ್ಫಾಕ್ಸ್, ಗಾಬೆಸ್‌ನ ಕಾರ್ಖಾನೆಗಳಿಗೆ ಹೋಗುವುದಿಲ್ಲ. ಅದಿರು ಹೋಗದಿದ್ದರೆ ರಾಜಧಾನಿಯಿಂದ ಮಂತ್ರಿ ಮಾತುಕತೆಗೆ ಬರುತ್ತಾನೆ. ಸರ್ಕಾರ ಕೊಟ್ಟ ಉತ್ತರವೂ ಅಷ್ಟೇ ಸರಳವಾಗಿತ್ತು: ನೌಕರಿ. ಕಂಪನಿಯ ಆಸರೆಯಲ್ಲಿ ‘ಪರಿಸರ ಮತ್ತು ಗಿಡ ನೆಡುವ’ ಸಂಸ್ಥೆಗಳು ಹುಟ್ಟಿಕೊಂಡವು. ಸಂಬಳ ಬರುತ್ತಿತ್ತು, ಹೇಳಿಕೊಳ್ಳುವಂಥ ಕೆಲಸ ಇರಲಿಲ್ಲ. ಒಂದು ಊರಿನವರಿಗೆ ಸಿಕ್ಕಿದ್ದು ಕಂಡು ಪಕ್ಕದ ಊರಿನವರೂ ಹಳಿಗೆ ಬಂದರು. ರೈಲಿನ ಬದಲು ಲಾರಿಗಳಲ್ಲಿ ಅದಿರು ಸಾಗಿಸಲು ಹೋಗಿ ಖರ್ಚು ಏರಿತು. ಭಾರತದ ಎರಡು ಕಂಪನಿಗಳು ಪಾಲು ಹಾಕಿ ಸ್ಖೀರಾ ಬಂದರಿನಲ್ಲಿ ಕಟ್ಟಿಸಿದ ಆಮ್ಲದ ಕಾರ್ಖಾನೆ 2013ರಲ್ಲಿ ಶುರುವಾದದ್ದು ಈ ಗಲಾಟೆಯ ನಡುವೆಯೇ. ಅದಿರಿನ ಕೊರತೆಯಿಂದ ಅದೂ ಪೂರ್ತಿ ಸಾಮರ್ಥ್ಯಕ್ಕೆ ಓಡಲಾರದೆ ಹೋಯಿತು.

ಹಾಗೆಂದು ಹಳಿಯ ಮೇಲೆ ಕೂತವರನ್ನು ದೂರಲು ನನಗೆ ಮನಸ್ಸಿಲ್ಲ. ಬೆನ್ ಅಲಿಯ ಕುಟುಂಬಕ್ಕೆ ಸೇರಿದ 220 ಕಂಪನಿಗಳು ದೇಶದ ಖಾಸಗಿ ವಲಯದ ಲಾಭದಲ್ಲಿ ಐದನೇ ಒಂದು ಭಾಗವನ್ನು ಬಾಚಿಕೊಳ್ಳುತ್ತಿದ್ದವು ಎಂದು ವಿಶ್ವ ಬ್ಯಾಂಕಿನ ಅಧ್ಯಯನವೇ ಲೆಕ್ಕ ಹಾಕಿದೆ. ಲೂಟಿ ಮೇಲಿನಿಂದ ನಡೆದದ್ದನ್ನು ಕಂಡವರು ತಮ್ಮ ಕಾಲ ಕೆಳಗಿನ ಸಂಪತ್ತಿನಲ್ಲಿ ಒಂದು ಸಂಬಳ ಕೇಳಿದರು, ಅಷ್ಟೇ.

ರಾಜಕೀಯದಲ್ಲಿ ಟ್ಯುನೀಷಿಯಾ ಮಾಡಿದ್ದು ಮಾತ್ರ ನಿಜಕ್ಕೂ ದೊಡ್ಡದು. 2013ರಲ್ಲಿ ಇಬ್ಬರು ಎಡಪಂಥೀಯ ನಾಯಕರ ಕೊಲೆಯಾಗಿ ದೇಶ ಹೊತ್ತಿ ಉರಿಯುವ ಸ್ಥಿತಿಯಲ್ಲಿತ್ತು. ಈಜಿಪ್ಟಿನಲ್ಲಿ ಅದೇ ವರ್ಷ ಸೇನೆ ಅಧಿಕಾರ ಕಸಿದುಕೊಂಡಿತ್ತು. ಟ್ಯುನಿಸ್‌ನಲ್ಲಿ ಹಾಗಾಗದಂತೆ ತಡೆದದ್ದು ಕಾರ್ಮಿಕರ ಒಕ್ಕೂಟ ಯುಜಿಟಿಟಿ, ಉದ್ಯಮಿಗಳ ಸಂಘ, ಮಾನವ ಹಕ್ಕುಗಳ ಸಂಘ ಮತ್ತು ವಕೀಲರ ಸಂಘ. ಈ ನಾಲ್ಕೂ ಸೇರಿ ಪಕ್ಷಗಳನ್ನು ಒಂದೇ ಮೇಜಿಗೆ ಎಳೆತಂದವು. ಆಗ ಆಳುತ್ತಿದ್ದ ಇಸ್ಲಾಂವಾದಿ ಅನ್ನಹ್ದಾ ಪಕ್ಷ ತಾನಾಗಿ ಅಧಿಕಾರ ಬಿಟ್ಟುಕೊಟ್ಟಿತು, 2014ರ ಜನವರಿಯಲ್ಲಿ ಹೊಸ ಸಂವಿಧಾನ ಬಂತು. ಮರುವರ್ಷದ ನೊಬೆಲ್ ಶಾಂತಿ ಪುರಸ್ಕಾರ ಸಂದದ್ದು ಈ ನಾಲ್ವರ ಕೂಟಕ್ಕೆ. 1946ರಷ್ಟು ಹಿಂದೆಯೇ ಹುಟ್ಟಿದ, ಸ್ವಾತಂತ್ರ್ಯ ಹೋರಾಟದಲ್ಲಿ ಪಳಗಿದ ಅಂಥ ಕಾರ್ಮಿಕ ಒಕ್ಕೂಟ ನೆರೆಯ ಲಿಬಿಯಾದಲ್ಲಿ ಇರಲಿಲ್ಲ.

ಇಲ್ಲೇ ತೊಡಕು. ಅಂತರ್ಯುದ್ಧ ತಪ್ಪಿಸಿದ ಅದೇ ಒಕ್ಕೂಟ, ಅದೇ ಒಮ್ಮತದ ಪದ್ಧತಿ, ಖರ್ಚಿನ ಪ್ರಶ್ನೆ ಬಂದಾಗ ಸರ್ಕಾರಗಳ ಕೈ ಕಟ್ಟಿತು. ಎಲ್ಲರೂ ಒಳಗಿದ್ದ ಸರ್ಕಾರದಲ್ಲಿ ಯಾರ ಸವಲತ್ತಿಗೂ ಕತ್ತರಿ ಹಾಕುವಂತಿರಲಿಲ್ಲ. ವರ್ಷಕ್ಕೊಂದು ಸರ್ಕಾರ ಎಂಬಂತೆ ಬಂದುಹೋದವು, ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಸರ್ಕಾರಿ ನೌಕರರ ಸಂಬಳದ ವೆಚ್ಚ 2010ರಲ್ಲಿ ರಾಷ್ಟ್ರೀಯ ಉತ್ಪನ್ನದ ಶೇ 11ರ ಸುಮಾರಿನಲ್ಲಿದ್ದದ್ದು 2020ರ ಹೊತ್ತಿಗೆ ಶೇ 17 ದಾಟಿತು. 190 ಮಿಲಿಮ್‌ನ (ಸಾವಿರ ಮಿಲಿಮ್‌ಗೆ ಒಂದು ದಿನಾರ್) ಬ್ಯಾಗೆಟ್ ಬ್ರೆಡ್ಡಿನ ಬೆಲೆ ಮುಟ್ಟಲು ಯಾರಿಗೂ ಧೈರ್ಯವಾಗಲಿಲ್ಲ. 1984ರಲ್ಲಿ ಆಗಿನ ಅಧ್ಯಕ್ಷ ಬೂರ್ಗೀಬಾ ಬ್ರೆಡ್ಡಿನ ಬೆಲೆ ಏರಿಸಿ, ಗಲಭೆಯಾಗಿ, ದಿನಗಳಲ್ಲೇ ಹಿಂದೆಗೆದುಕೊಂಡದ್ದು ಅಲ್ಲಿ ಯಾರಿಗೂ ಮರೆತಿಲ್ಲ.

ಆದ್ದರಿಂದ 2021ರ ಜುಲೈ 25ರಂದು ಅಧ್ಯಕ್ಷ ಕೈಸ್ ಸಯೀದ್ ಸಂಸತ್ತಿಗೆ ಬೀಗ ಹಾಕಿದಾಗ ಬೀದಿಯಲ್ಲಿ ಸಂಭ್ರಮಿಸಿದವರೇ ಹೆಚ್ಚು. ಆಮೇಲೆ ಸಯೀದ್ ತಾವೇ ಸಂವಿಧಾನ ಬರೆಸಿದರು. 2022ರ ಡಿಸೆಂಬರಿನ ಸಂಸತ್ ಚುನಾವಣೆಯಲ್ಲಿ ಮತ ಹಾಕಿದವರು ಶೇ 11ರಷ್ಟು. ಅಂತರರಾಷ್ಟ್ರೀಯ ಹಣಕಾಸು ನಿಧಿಯ 190 ಕೋಟಿ ಡಾಲರ್ ಸಾಲವನ್ನು ಅದರ ಷರತ್ತುಗಳಿಗಾಗಿ ತಳ್ಳಿಹಾಕಿದರು. ನಿಧಿಯ ಔಷಧ ಕಹಿ, ಬಡವರಿಗೇ ಹೆಚ್ಚು ಕಹಿ ಎಂಬ ಅವರ ವಾದದಲ್ಲಿ ಹುರುಳಿದೆ. ಬದಲಿ ಔಷಧವನ್ನು ಅವರು ಕೊಡಲಿಲ್ಲ. 2023ರಲ್ಲಿ ಜನ ಬ್ರೆಡ್ಡಿಗೆ ಸಾಲು ನಿಂತರು.

ನನ್ನ ಸಹೋದ್ಯೋಗಿಗಳು ಈಗ ಮೊರಾಕ್ಕೊ ಕಡೆ ಬೆರಳು ತೋರಿಸುತ್ತಾರೆ. ಅಲ್ಲಿನ ದೊರೆ 2011ರಲ್ಲಿ ಹೊಸ ಸಂವಿಧಾನ ಕೊಟ್ಟು, ನಿಜವಾದ ಅಧಿಕಾರವನ್ನು ಅರಮನೆಯಲ್ಲೇ ಉಳಿಸಿಕೊಂಡರು. ಸರ್ಕಾರಿ ಫಾಸ್ಫೇಟ್ ಕಂಪನಿ ಒಸಿಪಿ 2014ರಲ್ಲಿ ಖುರಿಬ್ಗಾ ಗಣಿಯಿಂದ ಜೋರ್ಫ್ ಲಾಸ್ಫರ್ ಬಂದರಿನವರೆಗೆ ಅದಿರಿನ ಕೆಸರು ಇಳಿಜಾರಿನಲ್ಲಿ ತಾನಾಗಿ ಹರಿದು ಬರುವ ಕೊಳವೆ ಮಾರ್ಗ ಹಾಕಿತು. ಖರೀದಿದಾರನಾಗಿ ನನಗೆ ಇದಕ್ಕಿಂತ ನೆಮ್ಮದಿ ಇಲ್ಲ, ಕೊಳವೆಯ ಮೇಲೆ ಯಾರೂ ಡೇರೆ ಹಾಕುವುದಿಲ್ಲ. ಆದರೆ 2016ರಲ್ಲಿ ಮೀನು ಮಾರುವವನೊಬ್ಬನ ಸಾವಿನಿಂದ ರಿಫ್ ಪ್ರಾಂತ್ಯ ಸಿಡಿಯಿತು. 2025ರ ಸೆಪ್ಟೆಂಬರಿನಲ್ಲಿ ಹೊಸ ತಲೆಮಾರಿನವರು ‘ಕ್ರೀಡಾಂಗಣಕ್ಕೆ ಹಣವಿದೆ, ಆಸ್ಪತ್ರೆಗೆ ಏಕಿಲ್ಲ’ ಎಂದು ಹಲವು ನಗರಗಳಲ್ಲಿ ಬೀದಿಗಿಳಿದರು. ಹಡಗು ಹೊತ್ತಿಗೆ ಸರಿಯಾಗಿ ಹೊರಡುವ ದೇಶದಲ್ಲಿ ಎಲ್ಲ ಸರಿಯಿದೆ ಎಂದು ತಿಳಿಯುವುದು ನಮ್ಮ ಕಸುಬಿನವರ ಹಳೆಯ ಚಾಳಿ.

ಟ್ಯುನೀಷಿಯಾ ಸರ್ಕಾರ 2025ರಲ್ಲಿ ಹೊಸ ಗುರಿ ಘೋಷಿಸಿತು: 2030ಕ್ಕೆ 1.4 ಕೋಟಿ ಟನ್ ಫಾಸ್ಫೇಟ್. ಅದೇ ವರ್ಷ ಅಕ್ಟೋಬರಿನಲ್ಲಿ ಗಾಬೆಸ್ ಊರಿಗೆ ಊರೇ ಮುಷ್ಕರ ಹೂಡಿತು. ಅಲ್ಲಿನ ರಾಸಾಯನಿಕ ಕಾರ್ಖಾನೆ ದಶಕಗಳಿಂದ, ಆಮ್ಲ ತಯಾರಿಸುವಾಗ ಉಳಿಯುವ ಫಾಸ್ಫೋಜಿಪ್ಸಮ್ ಕಸವನ್ನು ಸಮುದ್ರಕ್ಕೆ ಸುರಿಯುತ್ತಿದೆ, ಅನಿಲ ಕುಡಿದ ಶಾಲಾ ಮಕ್ಕಳು ಆಸ್ಪತ್ರೆ ಸೇರಿದ್ದರು. ಮಾಲಿನ್ಯದ ಘಟಕಗಳನ್ನು ಕಳಚುತ್ತೇವೆ ಎಂದು 2017ರಲ್ಲೇ ಸರ್ಕಾರ ಮಾತು ಕೊಟ್ಟಿತ್ತು. ಗಫ್ಸಾದವರು ಗಣಿ ಕಂಪನಿಯಲ್ಲಿ ಕೆಲಸ ಬೇಕೆಂದು ಹಳಿಗೆ ಬಂದಿದ್ದರೆ ಗಾಬೆಸ್‌ನವರು ಕಾರ್ಖಾನೆಯೇ ಬೇಡ ಎನ್ನುತ್ತಿದ್ದಾರೆ. ಎರಡು ಊರಿನವರನ್ನೂ ಕೂರಿಸಿ ಮಾತಾಡಿಸಬಲ್ಲ ಸಂಸತ್ತು, ಪಕ್ಷಗಳು, ಒಕ್ಕೂಟ ಈಗ ಹಲ್ಲು ಕಿತ್ತ ಸ್ಥಿತಿಯಲ್ಲಿವೆ. 1.4 ಕೋಟಿ ಟನ್ನಿನ ಆ ಅಂಕಿಯನ್ನು ನಾನು ನನ್ನ ಖರೀದಿ ಯೋಜನೆಯಲ್ಲಿ ಸೇರಿಸಿಕೊಂಡಿಲ್ಲ.