ನಿಂತ ಕಾರು, ಎಚ್ಚರದ ಕ್ಯಾಮೆರಾ: ಬ್ಯಾಟರಿ ಮತ್ತು ಕಾರ್ಡಿನ ಲೆಕ್ಕ

ಶುಕ್ರವಾರ ರಾತ್ರಿ 8ಕ್ಕೆ ಮನೆ ಮುಂದಿನ ರಸ್ತೆಯಲ್ಲಿ ಕಾರು ನಿಲ್ಲಿಸಿದ್ದೆ. ಸೋಮವಾರ ಬೆಳಗ್ಗೆ 6ಕ್ಕೆ ಕೀ ತಿರುಗಿಸಿದರೆ ಬರೀ ಟಿಕ್ ಟಿಕ್ ಸದ್ದು. ಮುಂಗಾಜಿನ ಹಿಂದೆ ಕೂತು ರಸ್ತೆಯನ್ನು ರೆಕಾರ್ಡ್ ಮಾಡುವ ಕ್ಯಾಮೆರಾ, ಡ್ಯಾಶ್‌ಕ್ಯಾಮ್, ಮಾತ್ರ ಆರಾಮಾಗಿ ಕೆಂಪು ದೀಪ ಮಿನುಗಿಸುತ್ತಿತ್ತು. ಇಳಿದು ನೋಡಿದರೆ ಮುಂದಿನ ಬಂಪರ್ ಮೂಲೆಯಲ್ಲಿ ಹೊಸ ಗೀರು. ಶನಿವಾರ ಮಧ್ಯಾಹ್ನ ಒಂದು ಗೂಡ್ಸ್ ಆಟೋ ಸವರಿಕೊಂಡು ಹೋಯಿತು ಅಂತ ಎದುರು ಮನೆ ಆಂಟಿ ಹೇಳಿದರು. ಕ್ಯಾಮೆರಾದ ಮೆಮೊರಿ ಕಾರ್ಡ್ ತೆಗೆದು ನೋಡಿದೆ. ಭಾನುವಾರ ರಾತ್ರಿ 9ರಿಂದ ಈಚೆಗಿನದ್ದು ಮಾತ್ರ ಇತ್ತು. ಒಂಬತ್ತು ಗಂಟೆ ಬೀದಿನಾಯಿಗಳ ಸಿನಿಮಾ.

ಕ್ಯಾಮೆರಾ ಕೆಟ್ಟಿರಲಿಲ್ಲ. ನಾನು ಲೆಕ್ಕ ಹಾಕಿರಲಿಲ್ಲ, ಅಷ್ಟೇ. ಆ ಲೆಕ್ಕ ಇಲ್ಲಿದೆ.

ಮೊದಲು ಬ್ಯಾಟರಿ. ಸಣ್ಣ ಪೆಟ್ರೋಲ್ ಕಾರಿನಲ್ಲಿ ಸಾಮಾನ್ಯವಾಗಿ 12 ವೋಲ್ಟ್, 35 ಆಂಪಿಯರ್-ಅವರ್ ಬ್ಯಾಟರಿ ಇರುತ್ತದೆ (ಆಂಪಿಯರ್-ಅವರ್ ಅಂದರೆ ಒಂದು ಆಂಪಿಯರ್ ಕರೆಂಟ್ ಒಂದು ಗಂಟೆ ಹರಿದಷ್ಟು). ನನ್ನದು ಹಳೆಯದು, 25 ಹಿಡಿದರೆ ಹೆಚ್ಚು. ಕ್ಯಾಮೆರಾ ಸುಮಾರು 3.6 ವ್ಯಾಟ್ ತಿನ್ನುತ್ತದೆ, ಅಂದರೆ 0.3 ಆಂಪಿಯರ್. ಕಾರಿನ ಅಲಾರಂ, ಗಡಿಯಾರಗಳಿಗೆ ಇನ್ನೊಂದು 0.03. ಶುಕ್ರವಾರ ರಾತ್ರಿಯಿಂದ ಸೋಮವಾರ ಬೆಳಗ್ಗೆವರೆಗೆ 58 ಗಂಟೆ. 58 × 0.33 = 19. ಉಳಿದದ್ದು ಬರೀ 6! ಅಷ್ಟರಲ್ಲಿ ಸ್ಟಾರ್ಟರ್ ಮೋಟಾರ್ ತಿರುಗಲ್ಲ.

ಹಾಗಾದರೆ ಕ್ಯಾಮೆರಾವನ್ನು ಕಾರಿನ ಬ್ಯಾಟರಿಗೆ ಜೋಡಿಸುವ ಹಾರ್ಡ್‌ವೈರ್ ಕಿಟ್ ಯಾಕೆ ಕೈಕೊಟ್ಟಿತು? ಬ್ಯಾಟರಿ ಇಳಿದರೆ ಕ್ಯಾಮೆರಾ ಆಫ್ ಮಾಡೋದೇ ಅದರ ಕೆಲಸ ಅಲ್ವಾ? ಅದು ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ ಅಂತ ನೋಡಲ್ಲ, ವೋಲ್ಟೇಜ್ ಮಾತ್ರ ನೋಡುತ್ತದೆ. ಲೆಡ್-ಆಸಿಡ್ ಬ್ಯಾಟರಿ ತುಂಬಿದ್ದಾಗ ಸುಮಾರು 12.6 ವೋಲ್ಟ್, ಅರ್ಧ ಆದಾಗ 12.2, ಕಾಲು ಭಾಗ ಉಳಿದಾಗ 12.0. ನನಗೆ ಕಿಟ್ ಹಾಕಿಕೊಟ್ಟ ಅಂಗಡಿಯವರು ಅದನ್ನು 11.8ಕ್ಕೆ ಇಟ್ಟಿದ್ದರು. ಅಂದರೆ ಬ್ಯಾಟರಿ ಹೆಚ್ಚೂಕಡಿಮೆ ಖಾಲಿ ಆದ ಮೇಲೆ ಆಫ್. ನಾನೂ ಕೇಳಲಿಲ್ಲ.

ಇದಕ್ಕಿಂತ ಮೋಸದ್ದು ದಿನನಿತ್ಯದ ಖರ್ಚು. ರಾತ್ರಿ ಹತ್ತು ಗಂಟೆಗೆ 3 ಆಂಪಿಯರ್-ಅವರ್ ಹೋಗುತ್ತದೆ ಅಂದುಕೊಳ್ಳಿ. ಬೆಳಗ್ಗೆ ಟ್ರಾಫಿಕ್‌ನಲ್ಲಿ ಇಪ್ಪತ್ತು ನಿಮಿಷ ಓಡಿಸಿದರೆ ಅದರಲ್ಲಿ ಎಲ್ಲವೂ ವಾಪಸ್ ಬರಲ್ಲ. ಈ ಬ್ಯಾಟರಿಗಳು ನಿಧಾನವಾಗಿ ಚಾರ್ಜ್ ಆಗೋ ಜಾತಿ. ದಿನಾ 3 ಖರ್ಚು, 2 ಜಮಾ ಅಂತಾದರೆ ಎರಡು ವಾರದಲ್ಲಿ ಏನಾಗುತ್ತೆ ಅಂತ ನೀವೇ ನೋಡಿಕೊಳ್ಳಿ. ದೊಡ್ಡ ಬ್ಯಾಟರಿ ಇದ್ದವರಿಗೂ ಇದು ತಪ್ಪಿದ್ದಲ್ಲ. ಟೆಸ್ಲಾ ಎಲೆಕ್ಟ್ರಿಕ್ ಕಾರುಗಳಲ್ಲಿ 2019ರಲ್ಲಿ ಬಂದ, ನಿಂತ ಕಾರನ್ನು ಕ್ಯಾಮೆರಾದಿಂದ ಕಾಯುವ ಸೆಂಟ್ರಿ ಮೋಡ್ ಕೂಡ ಚಾರ್ಜ್ 20%ಕ್ಕೆ ಇಳಿದರೆ ತಾನಾಗಿ ಆಫ್ ಆಗುತ್ತದೆ.

ಈಗ ಕಾರ್ಡ್. ನನ್ನ ಕ್ಯಾಮೆರಾ ಸೆಕೆಂಡಿಗೆ 16 ಮೆಗಾಬಿಟ್ ಬರೆಯುತ್ತದೆ. ಎಂಟರಿಂದ ಭಾಗಿಸಿದರೆ 2 ಮೆಗಾಬೈಟ್, ಗಂಟೆಗೆ 7.2 ಜಿಬಿ. 64 ಜಿಬಿ ಕಾರ್ಡ್ ಒಂಬತ್ತು ಗಂಟೆಯೊಳಗೆ ತುಂಬಿ, ಹಳೆಯದರ ಮೇಲೆ ಬರೆಯಲು ಶುರು ಮಾಡುತ್ತದೆ. ಅದುರನ್ನು ಹಿಡಿಯುವ ಜಿ-ಸೆನ್ಸರ್‌ಗೆ ಪೆಟ್ಟು ತಿಳಿದರೆ ಆ ಫೈಲಿಗೆ ಬೀಗ ಬೀಳುತ್ತದೆ, ನಿಜ. ಆದರೆ ಆಟೋ ನಿಧಾನವಾಗಿ ಸವರಿದರೆ ಅದಕ್ಕೆ ಪೆಟ್ಟು ಅನ್ನಿಸಲ್ಲ. ಸೂಕ್ಷ್ಮತೆ ಏರಿಸಿದರೆ ಲಾರಿ ಹೋದಾಗಲೆಲ್ಲ ಬೀಗ ಹಾಕಿ, ಬೇಡದ ಫೈಲುಗಳಿಂದಲೇ ಜಾಗ ತುಂಬಿಸುತ್ತದೆ. ಕಾರ್ಡಿಗೂ ಆಯಸ್ಸಿದೆ. ಸ್ಯಾನ್‌ಡಿಸ್ಕ್ ತನ್ನ 64 ಜಿಬಿ ಹೈ ಎಂಡ್ಯೂರೆನ್ಸ್ ಕಾರ್ಡಿಗೆ ಹೇಳಿಕೊಂಡಿರುವುದು 5,000 ಗಂಟೆ. ಹಗಲೂ ರಾತ್ರಿ ಬರೆದರೆ ಏಳು ತಿಂಗಳು. ಮೊಬೈಲಿನ ಹಳೆ ಕಾರ್ಡ್ ಹಾಕಿ ಉಳಿತಾಯ ಮಾಡಬೇಡಿ.

ಇಲ್ಲಿ ನಾನು ತುಂಬಾ ದಿನ ಗೊಂದಲದಲ್ಲಿದ್ದೆ. ಕಾರು ನಿಂತಾಗ ಕಾಯಲು ಕ್ಯಾಮೆರಾದಲ್ಲಿರುವ ಪಾರ್ಕಿಂಗ್ ಮೋಡ್‌ಗಳೆಲ್ಲ ಕರೆಂಟನ್ನೂ ಜಾಗವನ್ನೂ ಒಟ್ಟಿಗೇ ಉಳಿಸುತ್ತವೆ ಅಂದುಕೊಂಡಿದ್ದೆ. ಹಾಗಿಲ್ಲ.

ಮೋಷನ್ ಮೋಡ್ ತೆಗೆದುಕೊಳ್ಳಿ. ಏನಾದರೂ ಅಲುಗಾಡಿದರೆ ಮಾತ್ರ ಕಾರ್ಡಿಗೆ ಬರೆಯುತ್ತದೆ. ಆದರೆ ಅಲುಗಾಡಿತು ಅಂತ ತಿಳಿಯಲು ಚಿತ್ರವನ್ನು ನೋಡುತ್ತಲೇ ಇರಬೇಕಲ್ಲ! ಲೆನ್ಸಿನ ಹಿಂದಿನ ಸೆನ್ಸರ್, ಪ್ರೊಸೆಸರ್ ಎರಡೂ ಎಚ್ಚರ. ಜಾಗ ಉಳಿಯಿತು, ಕರೆಂಟ್ ಹೆಚ್ಚೇನೂ ಉಳಿಯಲಿಲ್ಲ. ಆಫೀಸ್ ಬಾತ್‌ರೂಮ್ ದೀಪ ಹೊತ್ತಿಸುತ್ತದಲ್ಲ, ಆ ಪಿಐಆರ್ ಸೆನ್ಸರ್ ಬಹಳ ಕಡಿಮೆ ಕರೆಂಟಿನಲ್ಲಿ ನಡೆಯುತ್ತದೆ. ಅದನ್ನೇ ಹಾಕಬಾರದಾ ಅಂತ ನನಗೂ ಅನ್ನಿಸಿತ್ತು. ಆಗಲ್ಲ. ಅದು ಹಿಡಿಯುವುದು ಮೈಯ ಶಾಖದ ಅಲೆ. ಗಾಜು ಆ ಅಲೆಯನ್ನು ಒಳಗೆ ಬಿಡಲ್ಲ.

ಇಂಪ್ಯಾಕ್ಟ್ ಮೋಡ್‌ನಲ್ಲಿ ಜಿ-ಸೆನ್ಸರ್ ಬಿಟ್ಟು ಉಳಿದದ್ದೆಲ್ಲ ಮಲಗಿರುತ್ತದೆ. ಕರೆಂಟೂ ಉಳಿಯಿತು, ಜಾಗವೂ ಉಳಿಯಿತು. ಆದರೆ ಪೆಟ್ಟು ಬಿದ್ದ ಮೇಲೆ ಕ್ಯಾಮೆರಾ ಏಳಬೇಕು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಟೈಮ್-ಲ್ಯಾಪ್ಸ್‌ನಲ್ಲಿ ಸೆಕೆಂಡಿಗೆ ಒಂದೇ ಚಿತ್ರ. ದಿನಕ್ಕೆ 86,400 ಚಿತ್ರ, ಸೆಕೆಂಡಿಗೆ 30 ಚಿತ್ರದಂತೆ ಓಡಿಸಿದರೆ 48 ನಿಮಿಷದ ವಿಡಿಯೋ, ಹೆಚ್ಚೂಕಡಿಮೆ 6 ಜಿಬಿ. ಕಾರ್ಡಿನಲ್ಲಿ ಒಂದು ವಾರಕ್ಕಿಂತ ಜಾಸ್ತಿ ಹಿಡಿಸುತ್ತದೆ. ಕರೆಂಟ್ ಖರ್ಚು ಹೆಚ್ಚೂಕಡಿಮೆ ಮೊದಲಿನಷ್ಟೇ.

ಬಿಸಿಲಿನ ವಿಷಯ ಚುಟುಕಾಗಿ: ಕೊಳ್ಳುವಾಗ ಒಳಗೆ ಲಿಥಿಯಂ ಬ್ಯಾಟರಿ ಬದಲು ಸೂಪರ್‌ಕೆಪಾಸಿಟರ್ ಇರುವುದನ್ನು ನೋಡಿ. ಕರೆಂಟ್ ಹೋದಾಗ ಕೊನೆಯ ಫೈಲ್ ಮುಚ್ಚುವಷ್ಟು ಶಕ್ತಿ ಅದರಲ್ಲಿರುತ್ತದೆ, ಕಾದ ಕಾರಿನಲ್ಲಿ ಊದಿಕೊಳ್ಳಲ್ಲ.

ನಾನು ಆರಿಸಿಕೊಂಡಿದ್ದು ಟೈಮ್-ಲ್ಯಾಪ್ಸ್, ಕಿಟ್ ಆಫ್ ಮಾಡುವ ಕಟ್-ಆಫ್ 12.2 ವೋಲ್ಟ್. ಅದೇ ವಾರಾಂತ್ಯವನ್ನು ಇದರಲ್ಲಿ ಓಡಿಸಿ ನೋಡಿದೆ, ಕಾಗದದ ಮೇಲೆ. ಬ್ಯಾಟರಿ ಅರ್ಧ ಆಗಲು 38 ಗಂಟೆ. ಕ್ಯಾಮೆರಾ ಭಾನುವಾರ ಬೆಳಗ್ಗೆ 10ಕ್ಕೆ ಮಲಗುತ್ತಿತ್ತು. ಶನಿವಾರ ಮಧ್ಯಾಹ್ನ ಕಾರ್ಡಿನಲ್ಲಿ ಇರುತ್ತಿತ್ತು. ಆಟೋ ಸವರಲು ಮೂರು ಸೆಕೆಂಡ್ ಹಿಡಿದಿದ್ದರೆ ಮೂರು ಚಿತ್ರ. ಅದರಲ್ಲಿ ನಂಬರ್ ಪ್ಲೇಟ್ ಓದಲು ಬರುತ್ತಿತ್ತಾ ಅನ್ನೋದು ಬೇರೆ ಮಾತು. ಸೋಮವಾರ ಕಾರಂತೂ ಸ್ಟಾರ್ಟ್ ಆಗುತ್ತಿತ್ತು.